ಹೆಣಕ್ಕೆ ‘ಹ’ ಬೇಕು: ಕಾಲೇಜು ಹುಡುಗರಿಗೆ ಗ್ರೀಕ್ ದುರಂತ ನಾಟಕ ಕಲಿಸುವ ಬಗೆ

ನಮ್ಮಪ್ಪ ಹಾರ್ಮೋನಿಯಂ ಮೇಷ್ಟ್ರು. ಗುಬ್ಬಿ ಸುತ್ತಮುತ್ತಲ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಲಿಸುತ್ತಿದ್ದರು. ಕಂದ, ವೃತ್ತ, ಮಟ್ಟು ಎಲ್ಲ ನನ್ನ ಕಿವಿಗೆ ಬಿದ್ದಿದ್ದು ನಮ್ಮ ಮನೆ ಜಗುಲಿಯಲ್ಲೇ. ಆದರೆ ಮಗಳು ಸ್ಟೇಜ್ ಹತ್ತಕೂಡದು ಅಂತ ಅವರದೇ ಕಟ್ಟಪ್ಪಣೆ; ದ್ರೌಪದಿ ಪಾತ್ರಕ್ಕೆ ದುಡ್ಡು ಕೊಟ್ಟು ಹೊರಗಿನಿಂದ ಕರೆಸುತ್ತಿದ್ದರು. ಈಗ ನಾನು ತುಮಕೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ, ವರ್ಷಕ್ಕೊಂದು ನಾಟಕ ಮಾಡಿಸುತ್ತೇನೆ. ಗ್ರೀಕ್ ನಾಟಕಕಾರ ಸೊಫೋಕ್ಲಿಸ್‌ನ ‘ಆಂಟಿಗೊನೆ’ ಎರಡು ಸಲ ಮಾಡಿಸಿದ್ದೇನೆ. ಸತ್ತ ಅಣ್ಣನ ಹೆಣಕ್ಕೆ ಯಾರೂ ಮಣ್ಣು ಮಾಡಕೂಡದು ಅಂತ ರಾಜ ಕ್ರಿಯಾನ್ ಹೊರಡಿಸಿದ ಅಪ್ಪಣೆಯನ್ನು ಮುರಿದು, ಅದಕ್ಕೆ ಗುಹೆ ಸೇರುವ ಹುಡುಗಿಯ ಕಥೆ ಅದು. ಮೊದಲ ಸಲದ್ದು ಹಾಳಾಯಿತು. ಎರಡನೇ ಸಲ ಏನು ಬದಲಾಯಿಸಿಕೊಂಡೆ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಾಲೇಜಿನಲ್ಲಿ ಇಂಥ ನಾಟಕಕ್ಕೆ ಕೈ ಹಾಕುವವರಿಗೆ ಬಳಕೆಗೆ ಬರಬಹುದು.

ಮೊದಲ ಸಲ ಆದದ್ದು ಇಷ್ಟು. ನಮ್ಮ ಹುಡುಗರು ನೋಡಿ ಬೆಳೆದಿರೋದು ಹಳ್ಳಿ ನಾಟಕ. ಅಲ್ಲಿ ಮುಂದುಗಡೆ ಮೂರು ಮೈಕು ನೇತಾಡುತ್ತಿರುತ್ತವೆ, ಪಾತ್ರಧಾರಿ ನೇರ ಮೈಕಿನ ಕೆಳಗೆ ಬಂದು ನಿಂತು ಡೈಲಾಗ್ ಹೊಡೆದು ಹಿಂದಕ್ಕೆ ಸರಿಯುತ್ತಾನೆ. ನಮ್ಮವರೂ ಹಾಗೇ ಮಾಡಿದರು. ಕ್ರಿಯಾನ್ ಮಾತಾಡುವಾಗ ಆಂಟಿಗೊನೆ ಪ್ರೇಕ್ಷಕರ ಕಡೆ ನೋಡುತ್ತಾ ತನ್ನ ಸರದಿಗೆ ಕಾಯುತ್ತಿದ್ದಳು, ಒಟ್ಟಾಗಿ ಹಾಡಿ ಕುಣಿಯಬೇಕಾದ ಮೇಳದವರು ಸಾಲಾಗಿ ಗ್ರೂಪ್ ಫೋಟೋಗೆ ನಿಂತ ಹಾಗೆ ನಿಂತಿದ್ದರು. ಅರ್ಧ ನಾಟಕಕ್ಕೆ ಕರೆಂಟ್ ಹೋಯಿತು. ಮೈಕ್ ಸತ್ತ ಮೇಲೆ ಒಂಬತ್ತು ಜನ ಒಟ್ಟಿಗೆ ಹೇಳಿದ ಹಾಡು ಸಂತೆ ಗದ್ದಲದ ಹಾಗೆ ಕೇಳಿತು. ಹಿಂದಿನ ಸಾಲಿನಲ್ಲಿ ಯಾರೋ ಸೀಟಿ ಹೊಡೆದರು. ಮನೆಗೆ ಬಂದು ರಾತ್ರಿ ಊಟ ಮಾಡಲಿಲ್ಲ.

ಆಮೇಲೆ ಯೋಚಿಸಿದಾಗ ಹೊಳೆದದ್ದು: ಈ ನಾಟಕದಲ್ಲಿ ನಮ್ಮ ಕಣ್ಣೆದುರು ಹೆಚ್ಚೇನೂ ನಡೆಯುವುದೇ ಇಲ್ಲ. ಅಣ್ಣನ ಹೆಣಕ್ಕೆ ಮಣ್ಣು ಹಾಕೋದು ಹೊರಗೆ, ಆಂಟಿಗೊನೆ ನೇಣು ಹಾಕಿಕೊಳ್ಳೋದು ಗುಹೆಯೊಳಗೆ, ಕ್ರಿಯಾನ್‌ನ ಮಗ ಹೀಮನ್ ಕತ್ತಿ ಚುಚ್ಚಿಕೊಳ್ಳೋದೂ ಅಲ್ಲೇ, ಅವನ ತಾಯಿ ಯೂರಿಡಿಸಿ ಸಾಯೋದು ಅರಮನೆ ಒಳಗೆ. ನಾವು ನೋಡುವುದು ಒಬ್ಬರು ಹೇಳುವುದನ್ನು, ಇನ್ನೊಬ್ಬರು ಕೇಳುವುದನ್ನು. ಹೇಳುವುದನ್ನು ಎಲ್ಲರೂ ಅಭ್ಯಾಸ ಮಾಡಿಸುತ್ತಾರೆ. ಕೇಳಿಸಿಕೊಳ್ಳುವುದನ್ನು ನಾನು ಮಾಡಿಸಿರಲಿಲ್ಲ.

ಎರಡನೇ ಸಲ ಮೊದಲ ಎಂಟು ದಿನ ಯಾರ ಕೈಗೂ ಮಾತು ಕೊಡಲಿಲ್ಲ. ಹಿಂದಿನ ವರ್ಷದ ಸ್ಕ್ರಿಪ್ಟ್ ಇಟ್ಟುಕೊಂಡು ನಾನೇ ಓದುತ್ತಿದ್ದೆ, ಪಾತ್ರಧಾರಿಗಳು ಎದುರಿಗೆ ನಿಂತು ಕೇಳಬೇಕು. ಎಲ್ಲಿ ಒಂದು ಹೆಜ್ಜೆ ಹಿಂದೆ ಸರಿಯಬೇಕು ಅನಿಸುತ್ತೋ ಅಲ್ಲಿ ಸರಿಯಿರಿ, ಎಲ್ಲಿ ಮುಂದೆ ಬರಬೇಕು ಅನಿಸುತ್ತೋ ಅಲ್ಲಿ ಬನ್ನಿ, ಏನೂ ಅನಿಸದಿದ್ದರೆ ಅಲ್ಲಾಡಬೇಡಿ ಅಂದೆ. ಮೂರು ದಿನ ಬರೀ ಅಲ್ಲಾಟ. ನಾಲ್ಕನೇ ದಿನದಿಂದ ನಿಂತರು. ಯಾವ ಮಾತಿಗೆ ಯಾರ ಕಾಲು ಕದಲಿತು ಅಂತ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಗುರುತು ಮಾಡಿಕೊಂಡೆ. ನಮ್ಮ ನಡೆಯ ನಕ್ಷೆ ಮುಕ್ಕಾಲು ಪಾಲು ಆ ಗುರುತುಗಳಿಂದಲೇ ಹುಟ್ಟಿದ್ದು. ನೀವು ಮನೆಯಲ್ಲಿ ಕೂತು ಬಾಣದ ಗುರುತು ಹಾಕಿ ತಂದ ನಕ್ಷೆಗಿಂತ ಇದು ಗಟ್ಟಿ, ಮರೆತುಹೋಗುವುದಿಲ್ಲ.

ಜಾಗದ ವಿಷಯ ಮೊದಲ ದಿನವೇ ತೀರ್ಮಾನ ಮಾಡಿಬಿಡಿ. ಅಥೆನ್ಸ್‌ನಲ್ಲಿ ಈ ನಾಟಕಗಳನ್ನು ಆಡುತ್ತಿದ್ದದ್ದು ಗುಡ್ಡದ ಇಳಿಜಾರಿನ ಬಯಲಿನಲ್ಲಿ, ಹಗಲು ಬೆಳಕಿನಲ್ಲಿ. ಮೇಳ ಕುಣಿಯುವ ಬಯಲಿನ ಹಿಂದೆ ಒಂದು ಮನೆ, ಅದಕ್ಕೆ ಬಾಗಿಲು, ಎರಡು ಪಕ್ಕಕ್ಕೂ ದಾರಿ. ನಮ್ಮ ಕಾಲೇಜಿನ ಒಳ ಅಂಗಳ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಲೈಬ್ರರಿ ಬಾಗಿಲೇ ಅರಮನೆ ಬಾಗಿಲಾಯಿತು. ಕ್ಯಾತ್ಸಂದ್ರದ ಕಡೆ ದಾರಿ ಊರಿಗೆ, ಗುಬ್ಬಿ ಗೇಟ್ ಕಡೆ ದಾರಿ ಹೆಣ ಬಿದ್ದಿರುವ ಬಯಲಿಗೆ. ಒಮ್ಮೆ ಹೇಳಿದ ಮೇಲೆ ಯಾರೂ ದಾರಿ ತಪ್ಪಲಿಲ್ಲ. “ಏ, ಗುಬ್ಬಿ ಗೇಟ್ ಕಡೆಯಿಂದ ಬಾರೋ, ನೀನು ಹೆಣ ಕಾಯ್ತಿದ್ದವನು” ಅಂದರೆ ಸಾಕು. ನಡುವೆ ಸುಣ್ಣದಲ್ಲಿ ದೊಡ್ಡ ವೃತ್ತ ಹಾಕಿದೆವು. ವೃತ್ತ ಮೇಳದ್ದು, ಪಾತ್ರಧಾರಿಗಳು ಕಾರಣವಿಲ್ಲದೆ ಅದರೊಳಗೆ ಕಾಲಿಡುವ ಹಾಗಿಲ್ಲ.

ಮೇಳವೇ ಕಷ್ಟ. ಮೊದಲು ಹನ್ನೆರಡು ಜನ ಇರುತ್ತಿದ್ದ ಮೇಳವನ್ನು ಸೊಫೋಕ್ಲಿಸ್ ಹದಿನೈದಕ್ಕೆ ಏರಿಸಿದ ಅಂತ ಹೇಳುತ್ತಾರೆ. ನನಗೆ ಸಿಕ್ಕಿದ್ದು ಒಂಬತ್ತು, ಅದರಲ್ಲಿ ಇಬ್ಬರು ಎನ್‌ಸಿಸಿ. ‘ಆಂಟಿಗೊನೆ’ಯ ಮೇಳದಲ್ಲಿರುವವರು ಥೀಬ್ಸ್ ಊರಿನ ಮುದುಕರು. ಹತ್ತೊಂಬತ್ತು ವರ್ಷದ ಹುಡುಗನಿಗೆ ಮುದುಕನಾಗು ಅಂದರೆ ಬೆನ್ನು ಬಗ್ಗಿಸಿ ಕೆಮ್ಮುತ್ತಾನೆ. ಬೆನ್ನು, ಕೆಮ್ಮು, ಕೋಲು ಮೂರನ್ನೂ ನಿಷೇಧಿಸಿದೆ. ಬದಲಿಗೆ ಒಂದು ಮನೆಗೆಲಸ: ಊರಿಗೆ ಹೋದಾಗ ನಿಮ್ಮಜ್ಜ ಜಗುಲಿಯಿಂದ ಹೇಗೆ ಏಳುತ್ತಾರೆ ನೋಡಿಕೊಂಡು ಬನ್ನಿ. ಸೋಮವಾರ ಒಬ್ಬ ಮಾಡಿ ತೋರಿಸಿದ. ಮೊದಲು ಅಂಗೈ ಮಂಡಿ ಮೇಲೆ ಬಂತು. ಒಂದು ಉಸಿರು. ಆಮೇಲೆ ಸೊಂಟ ಎದ್ದಿತು, ತಲೆ ಇನ್ನೂ ಕೆಳಗೇ ಇತ್ತು. ಎರಡನೇ ಉಸಿರು. ಕೊನೆಗೆ ತಲೆ ಎದ್ದು ಮುಂದೆ ನೋಡಿತು. ಒಂಬತ್ತೂ ಜನ ಅದನ್ನೇ ಕಲಿತರು, ಆದರೆ ಒಂದೇ ಹೊತ್ತಿಗೆ ಏಳಕೂಡದು. ರಾಜ ಬಂದಾಗ ಹೀಗೆ ಒಬ್ಬೊಬ್ಬರಾಗಿ ಎದ್ದದ್ದು ನೋಡಿ ನಮ್ಮ ಕ್ರಿಯಾನ್‌ಗೆ ತಾನು ರಾಜ ಅನ್ನುವುದು ತಾನಾಗಿ ಮೈಗೆ ಬಂತು. ಅವನಿಗೆ ನಾನು ಬೇರೆ ಏನೂ ಹೇಳಿಕೊಡಬೇಕಾಗಲಿಲ್ಲ.

ಹಾಡಿಗೆ ಭಾಮಿನಿ ಷಟ್ಪದಿ ಹಿಡಿದೆ. ಯಾಕೆ ಅಂದರೆ ಮೂರು-ನಾಲ್ಕು, ಮೂರು-ನಾಲ್ಕು ಅಂತ ಹೋಗುವ ಆ ಲಯಕ್ಕೆ ಹೆಜ್ಜೆ ಹಾಕಿಸಿದರೆ ಒಂದು ಕಾಲು ಬೇಗ ಬೀಳುತ್ತದೆ, ಇನ್ನೊಂದು ತುಸು ತಡವಾಗಿ. ಯಾರಿಗೂ ಹೇಳಿಕೊಡದೆ ಮುದುಕರ ನಡಿಗೆ ಬಂದುಬಿಡುತ್ತದೆ! ಇದು ಗೊತ್ತಿದ್ದು ಮಾಡಿದ್ದಲ್ಲ. ಮೂರನೇ ದಿನ ನೋಡನೋಡುತ್ತಾ ಕಂಡದ್ದು. ಮೇಳ ಮೊದಲು ಬರುವಾಗ ಸೂರ್ಯನನ್ನು ಕರೆಯುತ್ತಾರೆ, ರಾತ್ರಿ ಯುದ್ಧ ಮುಗಿದು ಬೆಳಗಾಗಿದೆ. ಅದಕ್ಕೆ ನಾನು ಕಟ್ಟಿದ್ದು:

ಏಳು ಬಾಗಿಲ ಊರ ಕಾಯುವ
ಸೂರ್ಯ ಕಿರಣವೆ ಬಾರೊ ಮೆಲ್ಲನೆ

ಆದಿಪ್ರಾಸ ಎಲ್ಲಿ ಅಂತ ಕೇಳಬೇಡಿ. ‘ಏಳು’ ಅಂದಾಗ ಎಡಗಾಲು, ‘ಬಾಗಿಲ’ ಅಂದಾಗ ಬಲಗಾಲು, ‘ಊರ’ ಎಡ, ‘ಕಾಯುವ’ ಬಲ. ಮಾತ್ರೆ ಎಣಿಸಿ ಹೆಜ್ಜೆ ಇಡಿಸಿ, ಆದರೆ ಬಾಯಲ್ಲಿ ಎಣಿಸಲು ಬಿಡಬೇಡಿ. ತೊಡೆ ಮೇಲೆ ಬೆರಳು ತಟ್ಟಲಿ. ಗ್ರೀಕ್ ಮೇಳದ ಹಾಡು ಜೋಡಿ ಜೋಡಿಯಾಗಿ ಬರುತ್ತದೆ. ಒಂದು ನುಡಿ, ಅದೇ ಛಂದಸ್ಸಿನಲ್ಲಿ ಅದಕ್ಕೆ ಜವಾಬಿನಂಥ ಇನ್ನೊಂದು ನುಡಿ. ಅವರ ಹೆಸರುಗಳಿಗೆ ‘ತಿರುವು’, ‘ಮರುತಿರುವು’ ಅಂತಲೇ ಅರ್ಥ. ನಾವು ಸುತ್ತು, ಮರುಸುತ್ತು ಅಂದುಕೊಂಡೆವು. ಕೋಲಾಟ ಗೊತ್ತಿರುವ ಮಕ್ಕಳಿಗೆ ಇದನ್ನು ವಿವರಿಸುವ ಕಷ್ಟವೇ ಇಲ್ಲ: ಮೊದಲ ನುಡಿಗೆ ಬಲಕ್ಕೆ ಸುತ್ತು, ಎರಡನೆಯದಕ್ಕೆ ಎಡಕ್ಕೆ, ಕೈಯಲ್ಲಿ ಕೋಲಿಲ್ಲ ಅಷ್ಟೇ. ತಿರುಗುವ ಜಾಗದಲ್ಲಿ ಎಲ್ಲರೂ ಎಡವುತ್ತಾರೆ. ಅಲ್ಲಿ ಒಂದು ಪೂರ್ತಿ ಗಣದಷ್ಟು ಹೊತ್ತು ಸುಮ್ಮನೆ ನಿಲ್ಲಿಸಿ.

ಒಟ್ಟಿಗೆ ಮಾತಾಡಿಸುವ ಗುಟ್ಟು ಬಾಯಲ್ಲಿಲ್ಲ, ಮೂಗಿನಲ್ಲಿದೆ. ಕೈ ಸನ್ನೆ ನೋಡಿ ಶುರುಮಾಡಿದರೆ ಯಾವತ್ತೂ ಇಬ್ಬರು ಹಿಂದೆ ಬೀಳುತ್ತಾರೆ. ಮುಂದಾಳು ಕೇಳುವ ಹಾಗೆ ಉಸಿರು ಎಳೆಯಲಿ, ಉಳಿದವರೂ ಅದೇ ಉಸಿರು ಎಳೆಯಲಿ. ಬಿಡುವಾಗ ಮಾತು ತಾನೇ ಒಟ್ಟಿಗೆ ಬರುತ್ತದೆ. ಕಣ್ಣು ಮುಚ್ಚಿ, ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ ಇದನ್ನು ದಿನಾ ಹತ್ತು ನಿಮಿಷ ಮಾಡಿಸಿ. ಇನ್ನೊಂದು: ಒಂಬತ್ತು ಜನವೂ ಎಲ್ಲ ಮಾತನ್ನೂ ಹೇಳಬೇಕಾಗಿಲ್ಲ. ಸಾಲಿನ ಮೊದಲರ್ಧ ಮೂವರು ಹೇಳಲಿ, ಕೊನೆಯ ಪದಕ್ಕೆ ಎಲ್ಲರೂ ಸೇರಲಿ. ಆಗ ಮಾತೂ ತಿಳಿಯುತ್ತದೆ, ತೂಕವೂ ಬರುತ್ತದೆ. ಮೂಡಲಪಾಯ ಯಕ್ಷಗಾನದಲ್ಲಿ ಭಾಗವತರ ಪದಕ್ಕೆ ಹಿಮ್ಮೇಳ ಸೇರುವುದನ್ನು ತಿಪಟೂರು ಕಡೆ ಕೇಳಿದವರಿಗೆ ನಾನು ಹೇಳುತ್ತಿರುವುದು ತಕ್ಷಣ ಹಿಡಿಯುತ್ತದೆ. ಅವರಿಗೆ ಮುಖವೀಣೆ, ಗ್ರೀಕರಿಗೆ ಎರಡು ಕೊಳವೆಯ ಒಂದು ಊದುವ ವಾದ್ಯ, ನಮಗೆ ಅಪ್ಪನ ಹಳೇ ಹಾರ್ಮೋನಿಯಂ, ಅದೂ ಬರೀ ಶ್ರುತಿಗೆ.

ಇನ್ನು ಮಾತು. ನಮ್ಮ ಕಡೆ ‘ಹ’ ಇರುವ ಕಡೆ ಬೀಳುತ್ತದೆ, ಇಲ್ಲದ ಕಡೆ ಏಳುತ್ತದೆ. ಆಡುಮಾತಿಗೆ ಅದರಿಂದ ಏನೂ ನಷ್ಟವಿಲ್ಲ, ನಾನೂ ಮನೆಯಲ್ಲಿ ಹಾಗೇ ಮಾತಾಡುವುದು. ಆದರೆ ಈ ನಾಟಕ ನಿಂತಿರುವುದೇ ಒಂದು ಹೆಣದ ಮೇಲೆ. ಮೊದಲ ವಾಚನದ ದಿನ ನಮ್ಮ ಆಂಟಿಗೊನೆ ಎದೆ ತುಂಬಿಕೊಂಡು “ನನ್ನ ಹಣ್ಣನ ಎಣ” ಅಂದಳು. ಅರ್ಧ ಗಂಟೆ ರಿಹರ್ಸಲ್ ನಿಂತಿತು, ಅವಳೂ ಸೇರಿ ಎಲ್ಲರೂ ನಕ್ಕಿದ್ದಕ್ಕೆ. ಮದ್ದು ಸುಲಭ. ಅಂಗೈಯನ್ನು ಬಾಯಿಂದ ನಾಲ್ಕು ಬೆರಳು ದೂರ ಹಿಡಿದು ಹೇಳಿಸಿ: ಹೆಣ, ಅಣ್ಣ, ಹಠ, ಅಳು. ‘ಹ’ಕ್ಕೆ ಅಂಗೈ ಬೆಚ್ಚಗಾಗಬೇಕು, ‘ಅ’ಕ್ಕೆ ಆಗಬಾರದು. ಬಸ್ಸಿನಲ್ಲಿ ಹೋಗುವಾಗಲೂ ಅಂಗೈ ಹಿಡಿದುಕೊಂಡು ಗೊಣಗುತ್ತಿದ್ದಳಂತೆ. ಎರಡು ವಾರದಲ್ಲಿ ಸರಿಹೋಯಿತು.

ಕಾವಲುಗಾರನ ಪಾತ್ರಕ್ಕೆ ಮಾತ್ರ ಈ ಮದ್ದು ಹಾಕಲೇಬೇಡಿ. ಹೆಣಕ್ಕೆ ಯಾರೋ ಮಣ್ಣು ಹಾಕಿದ್ದಾರೆ ಅಂತ ರಾಜನಿಗೆ ತಿಳಿಸಲು ಬರುವ ಬಡಪಾಯಿ ಅವನು. ದಾರಿಯಲ್ಲಿ ನಾಲ್ಕು ಸಲ ನಿಂತೆ, ತಿರುಗಿ ಹೋಗೋಣ ಅಂದುಕೊಂಡೆ ಅಂತ ಹೇಳಿಕೊಂಡೇ ಬರುತ್ತಾನೆ. ಪಾವಗಡದ ಹುಡುಗನೊಬ್ಬನಿಗೆ ಕೊಟ್ಟು, ಸ್ಕ್ರಿಪ್ಟ್ ಕಿತ್ತುಕೊಂಡು, “ನಿಮ್ಮೂರ ಮಾತಲ್ಲಿ ಹೇಳು” ಅಂದೆ. “ಕಾಲು ಮುಂದ್ಕೋಗ್ತೈತೆ ಸೋಮಿ, ಮನ್ಸು ಇಂದಕ್ಕೆಳೀತೈತೆ” ಅಂದ. ಅದನ್ನೇ ಬರೆದುಕೊಂಡೆ. ಅವನ ನಡೆಯೂ ಹಾಗೇ: ಮೂರು ಹೆಜ್ಜೆ ಮುಂದೆ, ಒಂದು ಹಿಂದೆ. ಇಷ್ಟು ಭಾರದ ನಾಟಕದಲ್ಲಿ ಜನ ಅವನೊಬ್ಬನಿಗೆ ನಕ್ಕರು, ನಗಲೆಂದೇ ಸೊಫೋಕ್ಲಿಸ್ ಅವನನ್ನು ಇಟ್ಟಿರುವುದು ಅಂತ ನನ್ನ ಎಣಿಕೆ.

ನೆಂಟಸ್ತಿಕೆ ಪದಗಳನ್ನು ಅಭ್ಯಾಸಕ್ಕೆ ಮೊದಲೇ ಗಟ್ಟಿ ಮಾಡಿಕೊಳ್ಳಿ. ಗ್ರೀಕಿನಲ್ಲಿ ಒಡಹುಟ್ಟಿದವನು ಅಂದರೆ ಮುಗಿಯಿತು. ಕನ್ನಡದಲ್ಲಿ ಅಣ್ಣನೋ ತಮ್ಮನೋ ಹೇಳಲೇಬೇಕು. ನಾವು ಸತ್ತವನನ್ನು ಅಣ್ಣ ಮಾಡಿದೆವು, ಆಂಟಿಗೊನೆಯ ಒಡಹುಟ್ಟಿದವಳು ಇಸ್ಮೀನೆಯನ್ನು ತಂಗಿ. ಕ್ರಿಯಾನ್ ಇವರ ತಾಯಿಯ ತಮ್ಮನೋ ಅಣ್ಣನೋ ಆದ್ದರಿಂದ ಸೋದರಮಾವ. ಅವನ ಮಗ ಹೀಮನ್‌ಗೇ ಆಂಟಿಗೊನೆಯನ್ನು ಕೊಡುವುದು ಅಂತ ಮಾತಾಗಿರುತ್ತದೆ. ಇದನ್ನು ಹೇಳಿದ ಕೂಡಲೇ ಕೊರಟಗೆರೆಯ ಹುಡುಗಿಯೊಬ್ಬಳು, “ಸೋದರಮಾವನ ಮಗ ಅಲ್ವಾ ಮೇಡಂ, ವರಸೆ ಕರೆಕ್ಟಾಗೈತೆ ಬಿಡಿ” ಅಂದಳು. ಅಲ್ಲಿಂದ ನಾಟಕ ಅಥೆನ್ಸ್‌ನದಾಗಿ ಉಳಿಯಲಿಲ್ಲ. ಆಂಟಿಗೊನೆ ಮೊದಲು ‘ಮಾವ’ ಅನ್ನುತ್ತಾಳೆ. ಅಪ್ಪಣೆ ಮುರಿದದ್ದು ನಾನೇ ಅಂತ ಒಪ್ಪಿಕೊಂಡ ಮೇಲೆ ಒಮ್ಮೆಯೂ ಅನ್ನುವುದಿಲ್ಲ. ಪ್ರೇಕ್ಷಕರು ಇದನ್ನು ಎಣಿಸುತ್ತಾ ಕೂರುವುದಿಲ್ಲ, ಆದರೆ ಅವರ ಕಿವಿಗೆ ಅದು ತಟ್ಟುತ್ತದೆ.

ಅಪ್ಪ-ಮಗನ ಜಗಳದ ದೃಶ್ಯಕ್ಕೆ ನಾಲ್ಕು ದಿನ ಹಿಡಿಯಿತು. ಹೀಮನ್ ಮೊದಲು ವಿನಯದಿಂದ ಉದ್ದಕ್ಕೆ ಮಾತಾಡುತ್ತಾನೆ, ಅಪ್ಪನೂ ಹಾಗೇ. ಆಮೇಲೆ ಒಂದಕ್ಕೊಂದು ಸಾಲು, ಒಂದಕ್ಕೊಂದು ಸಾಲು, ಟೇಬಲ್ ಟೆನಿಸ್ ಚೆಂಡಿನ ಹಾಗೆ. ಗ್ರೀಕ್ ನಾಟಕದಲ್ಲಿ ಇಂಥ ಜಾಗ ಬಂದಾಗಲೆಲ್ಲ ಹುಡುಗರು ಕಿರುಚುತ್ತಾರೆ. ಮೊದಲ ಸಾಲಿಗೇ ಕಿರುಚಿದರೆ ಹತ್ತನೇ ಸಾಲಿಗೆ ಏನು ಉಳಿಯುತ್ತದೆ? ಸ್ಕ್ರಿಪ್ಟ್ ಬದಿಗಿಡಿಸಿ, “ತೋಟ ಮಾರೋ ವಿಷಯಕ್ಕೆ ನೀನೂ ನಿಮ್ಮಪ್ಪನೂ ಜಗಳ ಆಡಿ, ಒಬ್ಬರಿಗೆ ಒಂದೇ ಸಾಲು” ಅಂದೆ. ಹೀಮನ್ ಆಗಿದ್ದವನ ಮನೆಯಲ್ಲಿ ನಿಜವಾಗಿಯೂ ತೆಂಗಿನ ತೋಟದ ತಕರಾರು ಇತ್ತು ಅಂತ ನನಗೆ ಗೊತ್ತಿರಲಿಲ್ಲ. ಅವನ ದನಿ ಏರಲೇ ಇಲ್ಲ. ಇಳಿಯಿತು. ಮಾತು ಚಿಕ್ಕದಾಗುತ್ತಾ ಹೋಯಿತು, ಇಬ್ಬರ ನಡುವಿನ ಅಂತರವೂ ಕಡಿಮೆಯಾಗುತ್ತಾ ಹೋಯಿತು, ಕೊನೆಗೆ ಮೂಗಿಗೆ ಮೂಗು. ಹಳ್ಳಿಯಲ್ಲಿ ಮಗ ಅಪ್ಪನನ್ನು ‘ನೀನು’ ಅಂತಲೇ ಕರೆಯುವುದು, ಅದು ಸಲಿಗೆ. ಸಿಟ್ಟು ತುದಿಗೇರಿದಾಗ ಅವನು ‘ಆಯ್ತು, ತಾವು ಹೇಳಿದಂಗೇ ಆಗ್ಲಿ’ ಅಂದುಬಿಟ್ಟ. ನಮ್ಮ ಹೀಮನ್ ಕೊನೆಯಲ್ಲಿ ಅಪ್ಪನನ್ನು ‘ತಾವು’ ಅಂದು ಊರಿನ ದಾರಿಯಲ್ಲಿ ಹೊರಟುಹೋಗುತ್ತಾನೆ. ಈ ಜಾಗದಲ್ಲಿ ಒಂದು ಲೆಕ್ಕ ಇಟ್ಟುಕೊಳ್ಳಿ: ಒಬ್ಬನ ಸಾಲು ಮುಗಿದು ಇನ್ನೊಬ್ಬನದು ಶುರುವಾಗುವ ನಡುವೆ ಉಸಿರು ಎಳೆಯುವಷ್ಟೂ ಬಿಡುವಿರಬಾರದು. ಅಂದರೆ ಎದುರಿನವನು ಮಾತಾಡುತ್ತಿರುವಾಗಲೇ ಉಸಿರು ತುಂಬಿಕೊಂಡಿರಬೇಕು.

ಮುಖವಾಡವನ್ನು ಪ್ರದರ್ಶನಕ್ಕೆ ಹಾಕಿಸಲಿಲ್ಲ, ಅಭ್ಯಾಸಕ್ಕೆ ಒಂದು ವಾರ ಹಾಕಿಸಿದೆ. ಗ್ರೀಕ್ ನಟರೆಲ್ಲ ಗಂಡಸರು, ಎಲ್ಲರೂ ಮುಖವಾಡದವರು; ಸೊಫೋಕ್ಲಿಸ್‌ನ ಕಾಲಕ್ಕೆ ಮೂವರು ನಟರೇ ಎಲ್ಲ ಪಾತ್ರ ಹಂಚಿಕೊಳ್ಳುತ್ತಿದ್ದರು. ಹಳೇ ಪೇಪರ್ ಮತ್ತು ಮೈದಾ ಅಂಟಿನಲ್ಲಿ ಮಾಡಿದ ಮುಖವಾಡ ಹಾಕಿದೊಡನೆ ನಮ್ಮ ಸಿನಿಮಾ ಅಭಿನಯವೆಲ್ಲ ಬಯಲಾಗುತ್ತದೆ. ಹುಬ್ಬು ಹಾರಿಸಿದರೆ ಕಾಣುವುದಿಲ್ಲ. ಮಾತಿಗೊಮ್ಮೆ ತಲೆ ಆಡಿಸಿದರೆ ಗೋಪುರ ಅಲ್ಲಾಡಿದ ಹಾಗೆ ಕಾಣುತ್ತದೆ. ಎದೆ ತಿರುಗಿದರೆ ಮಾತ್ರ ಮನುಷ್ಯ ತಿರುಗಿದ ಹಾಗೆ. ವಾರ ಕಳೆದು ತೆಗೆಸಿದಾಗ ಆ ಸಂಯಮ ಉಳಿದಿತ್ತು.

ದೂತನ ಮಾತು ಉದ್ದ, ಅದನ್ನು ಕಂಠಪಾಠ ಮಾಡಿಸಿದರೆ ಮಗ್ಗಿ ಒಪ್ಪಿಸಿದ ಹಾಗಾಗುತ್ತದೆ. ನಮ್ಮ ದೂತ ಮಧುಗಿರಿಯವನು, ದಿನಾ ಬಸ್ಸಿನಲ್ಲಿ ಬರುವವನು. ಸ್ಟಾಪ್ ಲೆಕ್ಕದಲ್ಲಿ ಹೇಳಿಕೊಟ್ಟೆ. ಮೊದಲ ಸ್ಟಾಪು, ಬಯಲಿನಲ್ಲಿ ನಾಯಿ ಹರಿದ ಹೆಣವನ್ನು ತೊಳೆದು ಸುಟ್ಟು ಗುಡ್ಡೆ ಹಾಕಿದ್ದು. ಎರಡನೆಯದು, ಗುಹೆ ಹತ್ತಿರ ಹೋದಾಗ ಒಳಗಿಂದ ದನಿ ಕೇಳಿದ್ದು. ಮೂರನೆಯದು, ಇಣುಕಿ ನೋಡಿದ್ದು. ನಾಲ್ಕನೆಯದು, ಮಗ ಅಪ್ಪನ ಮೇಲೆ ಕತ್ತಿ ಎತ್ತಿದ್ದು, ಗುರಿ ತಪ್ಪಿದ್ದು. ಕೊನೆಯದು, ಅದೇ ಕತ್ತಿಗೆ ತಾನೇ ಬಿದ್ದದ್ದು. ಮೇಳದವರು ಮೊದಲು ಹುಡುಗಿಯನ್ನು ಬಿಡಿಸು, ಆಮೇಲೆ ಹೆಣಕ್ಕೆ ಮಣ್ಣು ಮಾಡು ಅಂದಿರುತ್ತಾರೆ. ಕ್ರಿಯಾನ್ ತಿರುಗುಮುರುಗು ಮಾಡುತ್ತಾನೆ. ಮೊದಲ ಸ್ಟಾಪಿನಲ್ಲಿ ದೂತ ನಿಧಾನವಾಗಿ ಮಾತಾಡಿದಷ್ಟೂ ಜನ ಚಡಪಡಿಸುತ್ತಾರೆ, ಅಲ್ಲಿ ಗುಹೆಯಲ್ಲಿ ಹೊತ್ತು ಮೀರುತ್ತಿದೆಯಲ್ಲ ಅಂತ. ಹೆದ್ದಾರಿಯಲ್ಲಿ ಆಕ್ಸಿಡೆಂಟ್ ನೋಡಿ ಬಂದವನು ಹೇಳುವ ಹಾಗೆ ಹೇಳಿಸಿ. ಅಂಥವನು ಅಳುವುದಿಲ್ಲ, ವಿವರ ತಪ್ಪದ ಹಾಗೆ ನೋಡಿಕೊಳ್ಳುತ್ತಾನೆ.

ಇದನ್ನು ಕೇಳುತ್ತಾ ನಿಂತಿರುವವಳು ಸತ್ತ ಹುಡುಗನ ತಾಯಿ ಯೂರಿಡಿಸಿ. ದೇವಿಗೆ ಪೂಜೆ ಮಾಡಲು ಹೊರಟವಳು, ಬಾಗಿಲು ತೆಗೆಯುವಷ್ಟರಲ್ಲಿ ಸುದ್ದಿ ಕಿವಿಗೆ ಬಿದ್ದಿರುತ್ತದೆ. ಪೂರ್ತಿ ಕೇಳಿ, ಒಂದೂ ಮಾತಾಡದೆ ಒಳಗೆ ಹೋಗುತ್ತಾಳೆ. ನಮ್ಮ ಹುಡುಗಿ ಮೊದಲು ಪ್ರತಿ ವಾಕ್ಯಕ್ಕೂ ಬಿಕ್ಕುತ್ತಿದ್ದಳು. ಕೈಗೆ ಒಂದು ಹೂವಿನ ತಟ್ಟೆ ಕೊಟ್ಟು, ಇದರಲ್ಲಿ ಒಂದು ಹೂವೂ ಕೆಳಗೆ ಬೀಳಕೂಡದು, ನಿನ್ನ ಕೆಲಸ ಅಷ್ಟೇ ಅಂದೆ. ದೂತ ಮಾತು ಮುಗಿಸಿದ. ಅವಳು ತಟ್ಟೆ ನೋಡಿದಳು, ಅದು ತನ್ನ ಕೈಯಲ್ಲಿರುವುದು ಆಗಷ್ಟೇ ಗೊತ್ತಾದ ಹಾಗೆ. ಪಕ್ಕದ ದಾಸಿಯ ಕೈಗೆ ಎರಡೂ ಕೈಯಿಂದ ಮೆಲ್ಲಗೆ ದಾಟಿಸಿದಳು. ಸೆರಗು ಸರಿಮಾಡಿಕೊಂಡಳು. ಲೈಬ್ರರಿ ಬಾಗಿಲಿಗೆ ಏಳು ಹೆಜ್ಜೆ. ಆ ಏಳು ಹೆಜ್ಜೆ ನಡೆಯುವಾಗ ಮೇಳದವರು ಒಬ್ಬರೂ ಉಸಿರು ಬಿಡಬಾರದು ಅಂತ ನಾನು ಹೇಳಬೇಕೆಂದಿದ್ದೆ; ಹೇಳಬೇಕಾಗಲಿಲ್ಲ.

ಹೆಣ ಹೊರುವ ವಿಷಯಕ್ಕೆ ಎಚ್ಚರ. ಚಟ್ಟ ಕಟ್ಟಿಸಿದ್ದೆ. ಮಗ ಚಟ್ಟದ ಮೇಲೆ ಮಲಗುವುದು ಬೇಡ ಅಂತ ಹುಡುಗನ ತಾಯಿ ಫೋನ್ ಮಾಡಿದರು. ಅವರ ಮಾತು ನನಗೆ ಸರಿ ಅನಿಸಿತು. ದಪ್ಪ ಕಂಬಳಿಗೆ ಬದಲಾಯಿಸಿದೆವು: ನಾಲ್ಕು ಮೂಲೆಗೆ ನಾಲ್ವರು, ಎಲ್ಲರೂ ಒಳಗಾಲು ಮೊದಲು, ಕ್ರಿಯಾನ್‌ನ ಅಂಗೈ ಮಗನ ತಲೆ ಕೆಳಗೆ. ಮೊದಲು ಮರಳು ಚೀಲ ಇಟ್ಟು ಮೂರು ದಿನ ಹೊರಿಸಿ, ಆಮೇಲೆ ಮನುಷ್ಯನನ್ನು.

ಸಂಜೆ ನಾಲ್ಕೂಕಾಲಿಗೆ ಶುರು, ಆರೂಕಾಲಿಗೆ ಮುಕ್ತಾಯ, ಸಿರಾ ಮತ್ತು ಪಾವಗಡದ ಬಸ್ಸಿನವರಿಗೋಸ್ಕರ. ಆರು ವಾರ ಸಾಕು. ಕೊನೆಯ ವಾರ ಎರಡು ಸಲ ಮೈಕಿಲ್ಲದೆ ಪೂರ್ತಿ ಆಡಿಸಿ, ನೀವು ಅತಿ ಹಿಂದೆ ಹೋಗಿ ಕೂತು ಕೇಳದ ಸಾಲಿಗೆಲ್ಲ ಕೈ ಎತ್ತಿ. ಬಿ.ಎಂ.ಶ್ರೀ 1929ರಲ್ಲೇ ಸೊಫೋಕ್ಲಿಸ್‌ನ ಒಂದು ನಾಟಕವನ್ನು ಅಶ್ವತ್ಥಾಮನ ಕಥೆಗೆ ಒಗ್ಗಿಸಿ ‘ಅಶ್ವತ್ಥಾಮನ್’ ಬರೆದರು. ಅವರು ಹುಟ್ಟಿದ್ದು ನಮ್ಮದೇ ಜಿಲ್ಲೆಯ ಸಂಪಿಗೆಯಲ್ಲಿ, 1884ರಲ್ಲಿ. ಗುಬ್ಬಿ ನಾಟಕ ಕಂಪನಿ ಶುರುವಾದದ್ದೂ ಅದೇ ವರ್ಷ. ಬಿಡುವಿನಲ್ಲಿ ಇದನ್ನು ಹುಡುಗರಿಗೆ ಹೇಳಿದೆ. ಆಮೇಲೆ ‘ಇದೆಲ್ಲ ನಮಗ್ಯಾಕೆ ಮೇಡಂ’ ಅನ್ನುವ ಮಾತು ಕಡಿಮೆಯಾಯಿತು.

ಒಂದು ಕೆಲಸ ಉಳಿದುಬಿಡುತ್ತದೆ, ಮೇಳ ಹೊರಗೆ ಹೋಗುವುದು. ಕೊನೆಯ ಮಾತು ಹೇಳಿ ಮುದುಕರು ಊರಿನ ದಾರಿಯಲ್ಲಿ ಹೊರಡುತ್ತಾರೆ. ನಮ್ಮವರು ಗೋಡೆ ಮರೆಯಾದ ಕೂಡಲೇ ಹುಡುಗರಾಗಿ ಕೇಕೆ ಹಾಕುತ್ತಿದ್ದರು, ಮುಂದಿನ ಸಾಲಿಗೆಲ್ಲ ಕೇಳುತ್ತಿತ್ತು. ಅದಕ್ಕೆ ನಿರ್ಗಮನವನ್ನು ಕುಡಿಯುವ ನೀರಿನ ನಲ್ಲಿವರೆಗೆ ಎಳೆದೆ, ಗೋಡೆಯಿಂದ ಇನ್ನೂ ನಲವತ್ತು ಹೆಜ್ಜೆ. ಅಲ್ಲಿತನಕ ಮೂರು-ನಾಲ್ಕು, ಮೂರು-ನಾಲ್ಕು. ನಲ್ಲಿ ಮುಟ್ಟಿದ ಮೇಲೆ ನೀರು ಕುಡಿಯಬಹುದು.